ಬಾವುಟಗುಡ್ಡೆಯ ಚಿತ್ರಮಂದಿರ: ಸಂತ ಅಲೋಶಿಯಸ್ ಚಾಪೆಲ್

ಜೂನ್ 21 ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬದ ದಿನ. ನಮ್ಮ ಕರಾವಳಿಯಲ್ಲಿ ಅದು ಮಳೆಗಾಲ ಬಲಗೊಳ್ಳುವ ಹೊತ್ತು. ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಆ ಸಂತರ ಹೆಸರಿನಲ್ಲಿ ನಿಂತಿರುವ ಚಾಪೆಲ್ ಇಂತಹ ನೂರಕ್ಕೂ ಮಿಕ್ಕಿದ ಮಳೆಗಾಲಗಳನ್ನು ಕಂಡಿದೆ. ಹೊರನೋಟಕ್ಕೆ ಅದು ಹಂಚಿನ ಮಾಡಿನ ಸರಳ ಕಟ್ಟಡ. ಒಳಗೆ ಕಾಲಿರಿಸಿದವರಿಗಾದರೋ ಗೋಡೆ, ಕಮಾನು, ಒಳಛಾವಣಿಗಳೆಲ್ಲವೂ ಚಿತ್ರಮಯವಾಗಿ ತೋರುತ್ತವೆ.

ಪರಮಗುರು 13ನೆಯ ಲಿಯೋ ಅವರ ಆದೇಶದಂತೆ ಇಟಲಿಯ ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. 1880ರಲ್ಲಿ ಅವರು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅದೇ ದಶಕದಲ್ಲಿ, ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ, ಈ ಚಾಪೆಲ್ ತಲೆಯೆತ್ತಿತು. ಇಂದು ನಾವು ಕಾಣುವ ವರ್ಣವೈಭವ ಅದಕ್ಕೆ ಒದಗಿದ್ದು 1899ರಿಂದ 1901ರ ಅವಧಿಯಲ್ಲಿ, ಬ್ರದರ್ ಆಂತೋನಿಯೋ ಮೊಸ್ಕೇನಿ ಅವರ ಕೈಯಿಂದ.

ಮೊಸ್ಕೇನಿ 1854ರಲ್ಲಿ ಇಟಲಿಯ ಬೆರ್ಗಾಮೊ ನಗರದ ಸಮೀಪದ ಸ್ತೆಜ್ಜಾನೊ ಎಂಬ ಊರಿನಲ್ಲಿ ಜನಿಸಿದರು. ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದ ಅವರು 1889ರಲ್ಲಿ ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆ ಪಡೆಯದೆ ಸಹೋದರರಾಗಿಯೇ ಉಳಿದ ಇವರಿಗೆ ಕುಂಚವೇ ಪ್ರವಚನವಾಯಿತು.

ಇಲ್ಲಿ ಅವರು ಎರಡು ವಿಧಾನಗಳನ್ನು ಬಳಸಿದರು. ಒಂದು ಕ್ಯಾನ್ವಾಸಿನ ಮೇಲೆ ತೈಲವರ್ಣ. ಇನ್ನೊಂದು ಫ್ರೆಸ್ಕೊ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚುವುದು. ಗಾರೆ ಒಣಗುತ್ತಾ ಗಾಳಿಯೊಡನೆ ಬೆರೆತು ಕಲ್ಲಿನಂತಾಗುವಾಗ ಬಣ್ಣವೂ ಅದರಲ್ಲಿ ಲೀನವಾಗುತ್ತದೆ. ಗಾರೆ ಹಸಿಯಿರುವಷ್ಟರಲ್ಲೇ ಆ ಭಾಗದ ಚಿತ್ರ ಮುಗಿಯಬೇಕು. ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು.

ಒಳಛಾವಣಿಯಲ್ಲಿ ಸಂತ ಅಲೋಶಿಯಸರ ಜೀವನಗಾಥೆಯಿದೆ. ತಂದೆಯ ಸಂಸ್ಥಾನದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸ ಸ್ವೀಕರಿಸಿದ ಆ ತರುಣ, ರೋಮಿನಲ್ಲಿ ಪ್ಲೇಗ್ ಪೀಡಿತರ ಸೇವೆ ಮಾಡುತ್ತಾ ತಾನೂ ರೋಗಕ್ಕೆ ತುತ್ತಾಗಿ 1591ರಲ್ಲಿ, 23ರ ಪ್ರಾಯದಲ್ಲಿ ಪ್ರಾಣ ತೆತ್ತನು. ಸುತ್ತಲೂ ಪ್ರೇಷಿತರು, ಸಂತರು, ಹೂಮಾಲೆ ಹಿಡಿದ ದೇವದೂತರು. ಹಿಂಬದಿಯ ಗೋಡೆಯಲ್ಲಿ ಮಕ್ಕಳ ಮಿತ್ರನಾದ ಪ್ರಭು ಯೇಸು. ವಿದ್ಯಾರ್ಥಿಗಳ ಪ್ರಾರ್ಥನಾ ಸ್ಥಳಕ್ಕೆ ಇದಕ್ಕಿಂತ ಉಚಿತವಾದ ಚಿತ್ರ ಬೇರೊಂದಿಲ್ಲ.

ಮೊಸ್ಕೇನಿ ಮುಂದೆ ಕೊಚ್ಚಿಯ ಸಾಂತಾಕ್ರೂಜ್ ಮಹಾದೇವಾಲಯವನ್ನು ಚಿತ್ರಗಳಿಂದ ಅಲಂಕರಿಸಿದರು. 1905ರ ನವೆಂಬರ್ 15ರಂದು ಅಲ್ಲಿಯೇ ಅವರು ತೀರಿಕೊಂಡರು. ನಾಲ್ಕೇ ದಿನಗಳ ಬಳಿಕ ಜರುಗಿದ ಆ ದೇವಾಲಯದ ಪ್ರತಿಷ್ಠಾಪನೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಚಿತ್ರಗಳಿಗೆ ತೇವವೇ ಪರಮ ವೈರಿ. ಕಾಲಕ್ರಮದಲ್ಲಿ ಇಲ್ಲಿನ ಚಿತ್ರಗಳೂ ಹಾನಿಗೊಂಡವು. ಆಗ ಮೇಲೆ ಹೊಸ ಬಣ್ಣ ಬಳಿದು ಮುಗಿಸಿಬಿಡುವುದು ಸುಲಭವಾಗಿತ್ತು. ಹಾಗೆ ಮಾಡದೆ, 1991ರಿಂದ 1994ರ ವರೆಗೆ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ತಜ್ಞರಿಂದ ಅವುಗಳ ಜೀರ್ಣೋದ್ಧಾರ ಮಾಡಿಸಲಾಯಿತು. ಮೊಸ್ಕೇನಿಯವರ ಕೈಬರಹ ಇಂದಿಗೂ ನಮಗೆ ಉಳಿದಿರುವುದು ಈ ವಿವೇಕದ ಫಲ.

ನಮ್ಮ ಊರೂರುಗಳ ಹಳೆಯ ಇಗರ್ಜಿಗಳಿಗೂ ಇದರಲ್ಲಿ ಪಾಠವಿದೆ. ಸುವರ್ಣೋತ್ಸವ, ಶತಮಾನೋತ್ಸವ ಬಂತೆಂದರೆ ಹಳೆಯ ಬಲಿಪೀಠ ಕಿತ್ತು ಟೈಲ್ಸ್ ಹಾಕುವ, ಮರದ ಪ್ರತಿಮೆಗಳಿಗೆ ಇನಾಮೆಲ್ ಬಳಿಯುವ, ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತುವ ಉತ್ಸಾಹ ನಮ್ಮಲ್ಲಿ ಉಕ್ಕುತ್ತದೆ. ಸಿಮೆಂಟಿನ ಕವಚ ತೇವವನ್ನು ಒಳಗೇ ಬಂಧಿಸಿ ಸುಣ್ಣದ ಗೋಡೆಯನ್ನು ಕೆಡಿಸುತ್ತದೆ ಎಂಬುದನ್ನು ಅರಿತವರು ವಿರಳ. ಕಟ್ಟಿದವರ ಭಕ್ತಿ ಆ ಗಾರೆಯಲ್ಲಿದೆ, ಆ ಮರದಲ್ಲಿದೆ. ಕೆಡಹುವ ಮುನ್ನ ಬಲ್ಲವರನ್ನು ಒಮ್ಮೆ ಕೇಳೋಣ. ಮುಂದಿನ ರಜೆಯಲ್ಲಿ ಮಕ್ಕಳನ್ನು ಬಾವುಟಗುಡ್ಡೆಗೆ ಕರೆದೊಯ್ದು, ತಲೆಯೆತ್ತಿ ನೋಡಲು ಹೇಳೋಣ.