ಕತ್ತಲೆಯ ಕಾಡಿಗೆ ಬೆಲೆ ಕಟ್ಟುವವರು ಯಾರು?

ಕಳೆದ ಜುಲೈ ತಿಂಗಳ ಒಂದು ರಾತ್ರಿ, ಎಂಟೂವರೆಯ ಹೊತ್ತಿಗೆ, ಆಗುಂಬೆಯ ಸಮೀಪದ ಅಡಿಕೆ ತೋಟವೊಂದರ ಅಂಚಿನಲ್ಲಿ ನಾವು ಆರು ಮಂದಿ ನಿಂತಿದ್ದೆವು. ಮಳೆ ಆಗತಾನೆ ಹನಿ ಕಡಿದಿತ್ತು. ನಮ್ಮನ್ನು ಕರೆದೊಯ್ದ ಸ್ಥಳೀಯ ಯುವಕ ಎಲ್ಲರೂ ಟಾರ್ಚ್ ಆರಿಸುವಂತೆ ಹೇಳಿದ. ಎರಡು ಮೂರು ನಿಮಿಷ ಏನೂ ಕಾಣಲಿಲ್ಲ. ಕಪ್ಪೆಗಳ ದನಿ ಮತ್ತು ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತಿದ್ದಂತೆ ಕಾಲಬುಡದಲ್ಲಿ ಬಿದ್ದಿದ್ದ ಕೊಳೆತ ಕೊಂಬೆಯೊಂದು ಮಂದವಾದ ಹಸಿರು ಬೆಳಕಿನಲ್ಲಿ ಹೊಳೆಯತೊಡಗಿತು. ಸತ್ತ ಮರವನ್ನು ಕೊಳೆಯಿಸಿ ಮಣ್ಣಿಗೆ ಸೇರಿಸುವ ಶಿಲೀಂಧ್ರದ ಬೆಳಕು ಅದು.

ನನ್ನ ಹತ್ತು ವರ್ಷದ ಮೊಮ್ಮಗಳು ಮೆಲ್ಲಗೆ ಕೇಳಿದಳು: "ಅಜ್ಜ, ನೀನು ಇಲ್ಲಿ ಆಫೀಸರ್ ಆಗಿದ್ದಾಗಲೂ ಇದು ಹೊಳೀತಿತ್ತಾ?"

ಹೊಳೆಯುತ್ತಿದ್ದಿರಬೇಕು. ನಾನು ನೋಡಿರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಮಲೆನಾಡಿನ ಉಪವಿಭಾಗವೊಂದರಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವನು ನಾನು. ಆಗ ನನ್ನ ಮೇಜಿಗೆ ಬರುತ್ತಿದ್ದ ಕಾಡು ಕಡತದ ಕಾಡು. ಅದರಲ್ಲಿ ಸರ್ವೆ ನಂಬರು, ಮರಗಳ ಸಂಖ್ಯೆ, ಘನ ಮೀಟರು, ಅಂದಾಜು ಮೌಲ್ಯ ಇವಿಷ್ಟೇ ಇರುತ್ತಿದ್ದವು. ರಾತ್ರಿಯ ಕಾಡು ಎಂದರೆ ಮರಗಳ್ಳರ ಲಾರಿ ಹಾಯುವ ಹಾದಿ ಎಂಬುದನ್ನು ಬಿಟ್ಟರೆ ಬೇರೆ ಅರ್ಥ ನಮಗೆ ಹೊಳೆಯುತ್ತಿರಲಿಲ್ಲ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೂ ಈ ವಿಷಯದಲ್ಲಿ ನನಗೆ ನೆರವಾಗಲಿಲ್ಲ. ಬೆಲೆಯಿಲ್ಲದ ವಸ್ತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಭ್ಯಾಸವನ್ನು ಆ ಪದವಿ ಕಲಿಸಿರಲಿಲ್ಲ.

ಪಶ್ಚಿಮ ಘಟ್ಟದ ಮಳೆಕಾಡಿನ ಜೀವರಾಶಿಯಲ್ಲಿ ದೊಡ್ಡ ಪಾಲು ನಿಶಾಚರಿ. ಇಲ್ಲಿ ಮಾತ್ರ ಕಾಣಸಿಗುವ ಕಪ್ಪೆಗಳ ಒಂದು ಕುಲಕ್ಕೆ ವಿಜ್ಞಾನಿಗಳು 'ಇರುಳುಗಪ್ಪೆ' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಈ ಕುಲದ 12 ಹೊಸ ಪ್ರಭೇದಗಳನ್ನು 2011ರಲ್ಲಿ, ಮತ್ತೆ 7 ಪ್ರಭೇದಗಳನ್ನು 2017ರಲ್ಲಿ ಪ್ರೊ. ಎಸ್.ಡಿ. ಬಿಜು ಮತ್ತು ಅವರ ಸಂಗಡಿಗರು ಜಗತ್ತಿಗೆ ಪರಿಚಯಿಸಿದರು. ಡಾ. ಕೆ.ವಿ. ಗುರುರಾಜ ಮತ್ತು ಸಹೋದ್ಯೋಗಿಗಳು 2014ರಲ್ಲಿ ವಿವರಿಸಿದ ಇನ್ನೊಂದು ಇರುಳುಗಪ್ಪೆಗೆ ಕನ್ನಡದ ಹೆಸರೇ ದೊರೆಯಿತು: ಕುಂಬಾರ ಕಪ್ಪೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂತಹ ರಾಂಪತ್ರೆ ಜಡ್ಡಿಗಳಲ್ಲಿ ಬದುಕುವ ಇದರ ಗಂಡು, ಮುಂಗಾಲುಗಳಿಂದ ಕೆಸರನ್ನು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ವೈರಿಯ ಕಣ್ಣಿಗೆ ಬೀಳದಿರಲಿ ಎಂಬುದು ಇದರ ಉದ್ದೇಶವಿರಬೇಕೆಂದು ವಿಜ್ಞಾನಿಗಳ ಊಹೆ. ಹಿರಿಯರು ಆ ಕಾಡಿಗೆ 'ಕತ್ತಲೆಕಾನು' ಎಂದು ಹೆಸರಿಟ್ಟಾಗ ಅದರ ಕತ್ತಲೆಗೂ ಒಂದು ಗೌರವ ಸಂದಿತ್ತು ಎನಿಸುತ್ತದೆ.

ಆ ರಾತ್ರಿ ಎರಡು ಗಂಟೆಗಳಲ್ಲಿ ನಾವು ನಡೆದದ್ದು ಹೆಚ್ಚೆಂದರೆ ಅರ್ಧ ಕಿಲೋಮೀಟರು. ತೋಟದ ಕೆರೆಯ ಮೇಲೆ ಬಾಗಿದ ಎಲೆಗಳಲ್ಲಿ ಹಾರುವ ಕಪ್ಪೆಯ ನೊರೆಗೂಡುಗಳು ತೂಗುತ್ತಿದ್ದವು. ಮೊಟ್ಟೆಯೊಡೆದ ಗೊದಮೊಟ್ಟೆಗಳು ಅಲ್ಲಿಂದ ನೇರವಾಗಿ ನೀರಿಗೆ ಉದುರುತ್ತವೆ. ಪೊದೆಯೊಂದರಲ್ಲಿ ಮಲಬಾರ್ ಗುಳಿಮಂಡಲ ಸುರುಳಿ ಸುತ್ತಿ ಕುಳಿತಿತ್ತು. ಕಣ್ಣು ಮತ್ತು ಮೂಗಿನ ನಡುವಿನ ಗುಳಿಯಿಂದ ಬೇಟೆಯ ಮೈಶಾಖವನ್ನು ಗ್ರಹಿಸುವ ಈ ಹಾವು ಒಂದೇ ಕಡೆ ಗಂಟೆಗಟ್ಟಲೆ ಅಲುಗಾಡದೆ ಕಾಯಬಲ್ಲದು. ನೇರಳೆ ಬೆಳಕಿನ ಟಾರ್ಚ್ ಹಾಯಿಸಿದಾಗ ಮರದ ಬಿರುಕಿನ ಚೇಳು ನೀಲಿ ಹಸಿರಾಗಿ ಮಿನುಗಿತು. ಆಗುಂಬೆಗೆ ಹೆಸರು ತಂದ ಕಾಳಿಂಗ ಸರ್ಪ ಮಾತ್ರ ಕಾಣಲಿಲ್ಲ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದಾಗ ಅದರ ವೈಜ್ಞಾನಿಕ ನಾಮದಲ್ಲಿ 'ಕಾಳಿಂಗ' ಎಂಬ ನಮ್ಮ ಪದವನ್ನೇ ಉಳಿಸಿಕೊಂಡರು. ಆದರೆ ಅದು ಮುಖ್ಯವಾಗಿ ಹಗಲಿನ ಜೀವಿ. ರಾತ್ರಿ ನಡಿಗೆಯಲ್ಲಿ ಕಾಳಿಂಗವನ್ನು ತೋರಿಸುತ್ತೇನೆಂದು ಭರವಸೆ ಕೊಡುವವರನ್ನು ಸಂಶಯದಿಂದ ನೋಡುವುದೇ ಲೇಸು.

ಸಂಶಯದ ಮಾತು ಬಂದುದರಿಂದ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಅದಕ್ಕೂ ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಇಂಥದೇ ನಡಿಗೆಗೆ ಹೋಗಿದ್ದೆ. ಅಲ್ಲಿನ ಮಾರ್ಗದರ್ಶಕ ಗುಳಿಮಂಡಲವನ್ನು ಕೋಲಿನಿಂದ ಎತ್ತಿ, ಪಾಚಿ ಬೆಳೆದ ಬೇರೆ ಕೊಂಬೆಯ ಮೇಲೆ ಇಟ್ಟ. ಹತ್ತು ಹನ್ನೆರಡು ಜನ ಸರದಿಯಲ್ಲಿ ಫ್ಲ್ಯಾಶ್ ಹಾಕಿ ಚಿತ್ರ ತೆಗೆದರು. ನಾನೂ ತೆಗೆದೆ. ಹೊರಡುವಾಗ ಆತನ ಕೈಗೆ ಐನೂರು ರೂಪಾಯಿ ಹೆಚ್ಚಿಗೆ ಇಟ್ಟೆ. ಆ ಹಾವು ತಾನು ಆರಿಸಿಕೊಂಡ ಜಾಗವನ್ನೂ ಆ ರಾತ್ರಿಯ ಬೇಟೆಯನ್ನೂ ಕಳೆದುಕೊಂಡಿತೆಂಬುದು ನನಗೆ ಹೊಳೆದದ್ದು ಬೆಂಗಳೂರಿಗೆ ಮರಳಿದ ಮೇಲೆ. ಆ ಯುವಕನನ್ನು ದೂರುವುದು ಸುಲಭ. ಹಾವನ್ನು ಎತ್ತಿಟ್ಟರೆ ಭಕ್ಷೀಸು ಸಿಗುತ್ತದೆಂಬ ಪಾಠವನ್ನು ಅವನಿಗೆ ಕಲಿಸಿದವರಲ್ಲಿ ನಾನೂ ಒಬ್ಬ.

ಇಲ್ಲಿಯೇ ಅರ್ಥಶಾಸ್ತ್ರದ ಪ್ರಶ್ನೆ ಏಳುತ್ತದೆ. ಅಭಯಾರಣ್ಯದಲ್ಲಿ ಕತ್ತಲಾದ ಮೇಲೆ ಪ್ರವಾಸಿಗೆ ಪ್ರವೇಶವಿಲ್ಲ. ಕಾಡುಪ್ರಾಣಿಯನ್ನು ಅಲ್ಲಿ ಕೆಣಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಹೀಗಾಗಿ ರಾತ್ರಿ ನಡಿಗೆಗಳು ನಡೆಯುವುದು ಬಹುಮಟ್ಟಿಗೆ ಖಾಸಗಿ ತೋಟಗಳಲ್ಲಿ, ಸೊಪ್ಪಿನ ಬೆಟ್ಟಗಳಲ್ಲಿ, ಊರ ಹಳ್ಳದ ದಂಡೆಯಲ್ಲಿ. ಅಲ್ಲಿ ನೋಡುವ ಕಣ್ಣಿಲ್ಲ, ಕೇಳುವ ಬಾಯಿಲ್ಲ. ಪ್ರವಾಸಿ ಕೊಡುವ ಹಣ ಹೋಂಸ್ಟೇಗೆ ಸೇರುತ್ತದೆ, ಅಷ್ಟಿಷ್ಟು ಮಾರ್ಗದರ್ಶಕನಿಗೆ ಸಿಗುತ್ತದೆ. ತುಳಿತಕ್ಕೆ ಸಿಕ್ಕ ಕಪ್ಪೆಯ ನಷ್ಟ, ಬೆಳಕಿಗೆ ಬೆದರಿ ಕೂಗು ನಿಲ್ಲಿಸಿದ ಗಂಡು ಕಪ್ಪೆಯ ನಷ್ಟ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಲಾಭ ಖಾಸಗಿಯಾಗಿದ್ದು ವೆಚ್ಚ ಮಾತ್ರ ಎಲ್ಲರದಾದಾಗ ಆ ಸಂಪತ್ತು ಕರಗುತ್ತದೆಂಬುದು ನಮ್ಮ ಗೋಮಾಳಗಳ ಚರಿತ್ರೆ ಬಲ್ಲವರಿಗೆ ಹೊಸದಲ್ಲ.

ಅಪಾಯ ಕಾಲ್ತುಳಿತಕ್ಕೆ ಸೀಮಿತವಲ್ಲ. ಉಭಯಜೀವಿಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರ ರೋಗವು ಜಗತ್ತಿನಾದ್ಯಂತ 501 ಪ್ರಭೇದಗಳ ಇಳಿಕೆಗೆ ಕಾರಣವಾಗಿದೆಯೆಂದೂ, ಅವುಗಳಲ್ಲಿ 90 ನಾಮಾವಶೇಷವಾಗಿರಬಹುದೆಂದೂ 2019ರ ಅಧ್ಯಯನವೊಂದು ಅಂದಾಜಿಸಿತು. ಈ ಶಿಲೀಂಧ್ರದ ಇರುವಿಕೆ ನಮ್ಮ ಘಟ್ಟದಲ್ಲೂ ವರದಿಯಾಗಿದೆ. ಒಂದು ಹಳ್ಳದ ಕೆಸರು ಮೆತ್ತಿದ ಬೂಟು ಮರುದಿನ ಇನ್ನೊಂದು ಹಳ್ಳಕ್ಕೆ ಇಳಿದರೆ ಏನನ್ನು ಹೊತ್ತು ತಂದೀತೆಂದು ಹೇಳಲಾಗದು. ಅಂತರ್ಜಾಲಕ್ಕೆ ಏರುವ ಚಿತ್ರದ ಜೊತೆ ಜಾಗದ ಗುರುತೂ ಸೇರಿಕೊಂಡರೆ, ಅದನ್ನು ಓದುವವರಲ್ಲಿ ಪ್ರಾಣಿ ಕಳ್ಳಸಾಗಣೆದಾರನೂ ಇರಬಹುದು. ಔಷಧದ ಮತ್ತು ಮಾಟಮಂತ್ರದ ಹೆಸರಿನಲ್ಲಿ ಕಾಡುಪಾಪನಂತಹ ಸಾಧು ಪ್ರಾಣಿಯನ್ನು ಹಿಡಿಯುವ ಪಿಡುಗು ಇನ್ನೂ ಇದೆ.

ಹಾಗಾದರೆ ಈ ನಡಿಗೆಗಳನ್ನು ನಿಲ್ಲಿಸಿಬಿಡುವುದೇ ಸರಿಯೆ? ಆಡಳಿತದಲ್ಲಿ ಮೂರು ದಶಕ ಕಳೆದವನಿಗೆ ನಿಷೇಧ ಮೊದಲು ನೆನಪಾಗುವ ಮದ್ದು. ಆದರೆ ಆಗುಂಬೆಯ ಆ ಯುವಕ ವಾಪಸು ಬರುವಾಗ ಹೇಳಿದ ಮಾತು ನನ್ನನ್ನು ತಡೆಯಿತು. "ಎಲೆಚುಕ್ಕಿ ರೋಗ ಬಂದು ಅಡಿಕೆ ಅರ್ಧಕ್ಕೆ ಇಳಿದಿದೆ ಸಾರ್. ಈ ಜಡ್ಡಿಗೆ ಮಣ್ಣು ತುಂಬಿಸಿ ಹೊಸ ತೋಟ ಮಾಡುವಾ ಅಂತ ಅಪ್ಪಯ್ಯ ಹೇಳ್ತಿದ್ರು. ಎರಡು ಮಳೆಗಾಲ ನೋಡುವಾ ಅಂತ ನಾನೇ ನಿಲ್ಲಿಸಿದ್ದೇನೆ." ಅವನು ಕಪ್ಪೆಗೂಡು ತೋರಿಸಿದ್ದು ಅದೇ ಜಡ್ಡಿಯ ಅಂಚಿನಲ್ಲಿ. ಆ ತೇವದ ನೆಲ ಉಳಿಯುವುದು, ಅಳಿಯುವುದು ಒಂದು ಕುಟುಂಬದ ಮುಂದಿನ ವರ್ಷದ ಆದಾಯವನ್ನು ಅವಲಂಬಿಸಿದೆ. ನಡಿಗೆಯನ್ನು ನಿಷೇಧಿಸಿದರೆ ಅಪ್ಪಯ್ಯನ ವಾದವೇ ಗೆಲ್ಲುತ್ತದೆ.

ಮಧ್ಯ ಅಮೆರಿಕದ ಕೋಸ್ಟರಿಕಾ ಈ ವಿಷಯದಲ್ಲಿ ನಮಗಿಂತ ಹಳಬ. ಅಲ್ಲಿನ ಮಾಂಟೆವೆರ್ಡೆಯ ಮೋಡಗಾಡಿನಲ್ಲಿ ಖಾಸಗಿ ಕಾಡುಗಳ ಒಡೆಯರು ಮಾರ್ಗದರ್ಶಕರೊಡನೆ ಸಣ್ಣ ಗುಂಪುಗಳ ರಾತ್ರಿ ನಡಿಗೆ ನಡೆಸುತ್ತಾರೆ. ಅದೊಂದು ನೆಲೆಗೊಂಡ ಜೀವನೋಪಾಯ. ಇಂಧನದ ಮೇಲಿನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ನೇರವಾಗಿ ಪಾವತಿಸುವ ಯೋಜನೆಯನ್ನು ಆ ದೇಶ 1997ರಲ್ಲಿ ಆರಂಭಿಸಿತು. ಎಂಬತ್ತರ ದಶಕದಲ್ಲಿ ನಾಲ್ಕನೇ ಒಂದು ಭಾಗದ ಆಸುಪಾಸಿಗೆ ಕುಸಿದಿದ್ದ ಅಲ್ಲಿನ ಅರಣ್ಯ ಇಂದು ಅರ್ಧಕ್ಕಿಂತ ಹೆಚ್ಚಾಗಿದೆ. ಇದಕ್ಕೆ ಬೇರೆ ಕಾರಣಗಳೂ ಇವೆ, ನಿಜ. ಅದೇ ಮಾಂಟೆವೆರ್ಡೆಯ ಚಿನ್ನದ ಬಣ್ಣದ ನೆಲಗಪ್ಪೆ 1989ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ ಎಂಬುದೂ ನಿಜ. ಕಾಯ್ದಿಟ್ಟ ಕಾಡಿನೊಳಗೇ ಅದು ಕಣ್ಮರೆಯಾಯಿತು. ಹಣ ಹರಿದು ಬಂದ ಮಾತ್ರಕ್ಕೆ ಜೀವಿ ಉಳಿಯುವುದಿಲ್ಲ.

ನಮ್ಮಲ್ಲಿ ಆಗಬೇಕಾದುದು ಏನು? ಮತ್ತೊಂದು ಪರವಾನಗಿ, ಮತ್ತೊಬ್ಬ ಇನ್‌ಸ್ಪೆಕ್ಟರು ಎಂದು ನಾನು ಹೇಳಲಾರೆ. ಪರವಾನಗಿಯ ಬೆನ್ನಿಗೆ ಏನು ಬರುತ್ತದೆಂಬುದನ್ನು ಬಲ್ಲೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರಬೇಕು. ಅನೇಕ ಕಡೆ ಅವು ಕಾಗದದ ಮೇಲಿವೆ. ಅವಕ್ಕೆ ಒಂದು ನಿರ್ದಿಷ್ಟ ಕೆಲಸ ಕೊಡೋಣ. ತಮ್ಮ ವ್ಯಾಪ್ತಿಯ ರಾತ್ರಿ ನಡಿಗೆಗಳ, ಮಾರ್ಗದರ್ಶಕರ ಪಟ್ಟಿಯನ್ನು ಅವು ಇಟ್ಟುಕೊಳ್ಳಲಿ. ಅರಣ್ಯ ಇಲಾಖೆ ಮತ್ತು ಕಪ್ಪೆ, ಹಾವುಗಳನ್ನು ಬಲ್ಲ ವಿಜ್ಞಾನಿಗಳು ಆ ಯುವಕ ಯುವತಿಯರಿಗೆ ತರಬೇತಿ ನೀಡಲಿ. ನಿಯಮಗಳು ಒಂದು ಪುಟ ಮೀರದಿರಲಿ: ಗುಂಪಿನಲ್ಲಿ ಎಂಟು ಮಂದಿಗಿಂತ ಹೆಚ್ಚು ಬೇಡ, ಯಾವ ಜೀವಿಯನ್ನೂ ಮುಟ್ಟಬಾರದು, ಸ್ಥಳ ಬದಲಿಸಬಾರದು, ಹಳ್ಳದೊಳಗೆ ಇಳಿಯಬಾರದು, ಬೂಟು ತೊಳೆದು ಒಣಗಿಸಿ ಬರಬೇಕು, ಒಂದೇ ಜಾಡಿನಲ್ಲಿ ದಿನವೂ ನಡೆಯದೆ ನೆಲಕ್ಕೆ ಬಿಡುವು ಕೊಡಬೇಕು, ಚಿತ್ರದೊಡನೆ ಸ್ಥಳದ ಗುರುತು ಹಾಕಬಾರದು. ಶುಲ್ಕದ ಒಂದು ಭಾಗ ಜಡ್ಡಿಯನ್ನೋ ಕಾನನ್ನೋ ಉಳಿಸಿಕೊಂಡ ರೈತನಿಗೆ ನೇರವಾಗಿ ಸಲ್ಲಬೇಕು, ಆ ಲೆಕ್ಕ ಪಂಚಾಯಿತಿಯ ಫಲಕದ ಮೇಲೆ ಎಲ್ಲರಿಗೂ ಕಾಣಬೇಕು.

ಪಶ್ಚಿಮ ಘಟ್ಟದ ಬಗ್ಗೆ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಬಂದಾಗ ಮಲೆನಾಡು ಹೊತ್ತಿ ಉರಿದದ್ದನ್ನು ಓದುಗರು ಬಲ್ಲರು. ಪರಿಸರಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ರಾಜ್ಯ ಸಚಿವ ಸಂಪುಟ 2024ರಲ್ಲೂ ತಿರಸ್ಕರಿಸಿತು. ಆ ವಿರೋಧದ ಹಿಂದೆ ಹಿತಾಸಕ್ತಿಗಳಿದ್ದವು. ಜೊತೆಗೆ, ಕಾಡು ಉಳಿಸಿದ ತಪ್ಪಿಗೆ ತಾವೇ ದಂಡ ತೆರಬೇಕೆ ಎಂಬ ರೈತರ ನ್ಯಾಯವಾದ ಕಳವಳವೂ ಇತ್ತು. ರಾತ್ರಿ ನಡಿಗೆ ಆ ಕಳವಳಕ್ಕೆ ಪೂರ್ಣ ಉತ್ತರವಲ್ಲ. ಕಾಡಿನಿಂದ ಬರುವ ನಾಲ್ಕು ಕಾಸು ಕಾಡಿನ ಪಕ್ಕದ ಮನೆಗೇ ತಲುಪುವ ಒಂದು ಸಣ್ಣ ದಾರಿ, ಅಷ್ಟೆ.

ನಗರದಿಂದ ಹೋಗುವ ನಾವು ಮಾಡಬೇಕಾದುದೂ ಇದೆ. ಮುಂಗಡ ಕಾಯ್ದಿರಿಸುವಾಗಲೇ ಪ್ರಾಣಿಗಳನ್ನು ಮುಟ್ಟುತ್ತೀರಾ ಎಂದು ಕೇಳೋಣ. ಏನೂ ಕಾಣದ ರಾತ್ರಿಗೂ ಪೂರ್ತಿ ಹಣ ಕೊಡೋಣ. ಆ ಜುಲೈ ರಾತ್ರಿ ನಾನು ಭಕ್ಷೀಸು ಕೊಡಲು ಹೋದಾಗ ಯುವಕ ಸಂಕೋಚದಿಂದ, "ಕಾಳಿಂಗ ತೋರಿಸಲಿಲ್ಲವಲ್ಲ ಸಾರ್" ಎಂದ. ಅದಕ್ಕಲ್ಲ, ಹಾವನ್ನು ಮುಟ್ಟದೆ ಬಿಟ್ಟದ್ದಕ್ಕೆ ಎಂದೆ. ಅವನು ಎರಡು ಮಳೆಗಾಲದ ಗಡುವು ಕೇಳಿಕೊಂಡಿದ್ದಾನೆ. ಒಂದು ಕಳೆದಿದೆ.