ಆಟೋಇಮ್ಯೂನ್ ಲಿವರ್ ಕಾಯಿಲೆ: ಕ್ಯಾನ್ಸರಿನ ಭಯವೆಷ್ಟು, ಎಚ್ಚರವೇನು?



ಲಿವರ್ ಕೆಟ್ಟಿತೆಂದರೆ ಕುಡಿತದಿಂದಲೇ ಎಂದು ಹೇಳಿಬಿಡುವುದು ನಮ್ಮ ತ್ರಾಸಿಯ ಸುತ್ತಮುತ್ತಲೂ ಉಂಟು. ಹೆಂಡ ಮುಟ್ಟದವರಿಗೂ, ಅದರಲ್ಲಿಯೂ ಹೆಂಗಸರಿಗೆ ಹೆಚ್ಚಾಗಿ ಬರುವ ಲಿವರ್ ಕಾಯಿಲೆಯೊಂದಿದೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯು ತನ್ನದೇ ಲಿವರಿನ ಮೇಲೆ ಎರಗುವುದೇ ಈ ಕಾಯಿಲೆ. ಇದನ್ನು ಆಟೋಇಮ್ಯೂನ್ ಹೆಪಟೈಟಿಸ್ ಎನ್ನುತ್ತಾರೆ. ಒಂದೇ ಬಟ್ಟಲಲ್ಲಿ ಉಂಡರೂ ಇದು ಅಂಟುವುದಿಲ್ಲ. ರೋಗಿಯನ್ನು ದೂರವಿಡಲು ಕಾರಣವಿಲ್ಲ.

ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಮುಂದುವರಿದರೆ ಲಿವರ್ ಕಲೆಗಟ್ಟಿ, ಗಡುಸಾಗಿ, ಗಂಟುಗಂಟಾಗುತ್ತದೆ. ಇದುವೇ ಸಿರೋಸಿಸ್. ಕ್ಯಾನ್ಸರಿನ ಭಯ ಮುಖ್ಯವಾಗಿ ಇಲ್ಲಿಂದ ಮುಂದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ಕಾಯಿಲೆ ಪತ್ತೆಯಾಗುವಾಗಲೇ ಸಿರೋಸಿಸ್ ಇದ್ದ ಸಾವಿರ ಮಂದಿಯಲ್ಲಿ ವರ್ಷಕ್ಕೆ ಸುಮಾರು 10 ಮಂದಿಗೆ ಲಿವರ್ ಕ್ಯಾನ್ಸರ್ ಕಾಣಿಸಿತು. ಸಿರೋಸಿಸ್ ಆಗದವರಲ್ಲಿ ಅದು ತೀರ ಅಪರೂಪ. ಆದುದರಿಂದ ಕಾಯಿಲೆಯ ಹೆಸರು ಕೇಳಿದೊಡನೆ ಎದೆಗುಂದಬೇಕಾಗಿಲ್ಲ. ಹಾಗೆಂದು ಮೈಮರೆಯಲೂ ಬಾರದು.

ಕೊಳೆರೋಗಕ್ಕೆ ನಾವು ಏನು ಮಾಡುತ್ತೇವೆ? ಕಾಯಿ ಉದುರುವವರೆಗೆ ಕಾಯುವುದಿಲ್ಲ; ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಿ, ಕೆಲವು ವಾರ ಕಳೆದು ಮತ್ತೊಮ್ಮೆ ಸಿಂಪಡಿಸುತ್ತೇವೆ. ಇಲ್ಲಿಯೂ ಅದೇ ಕ್ರಮ. ಪ್ರೆಡ್ನಿಸೊಲೋನ್, ಅಝಥಿಯೋಪ್ರಿನ್ ಮಾತ್ರೆಗಳು ಉರಿಯೂತವನ್ನು ಹತೋಟಿಯಲ್ಲಿಡುತ್ತವೆ. ಮೈ ಹಗುರವಾಯಿತೆಂದು ಅವನ್ನು ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರಳುವುದೇ ಹೆಚ್ಚು. ಸಿರೋಸಿಸ್ ಆಗಿದ್ದವರು 6 ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸತಕ್ಕದ್ದು, ಜೊತೆಗೆ ಎ.ಎಫ್.ಪಿ. ಎಂಬ ರಕ್ತಪರೀಕ್ಷೆಯನ್ನೂ ವೈದ್ಯರು ಹೇಳುವುದುಂಟು. ಲಿವರ್ ಕ್ಯಾನ್ಸರ್ ಆರಂಭದಲ್ಲಿ ನೋವು ಕೊಡುವುದಿಲ್ಲ. ನೋವು ಬಂದ ಮೇಲೆ ಹೋದರೆ ದಾರಿಗಳು ಕಡಿಮೆ. ಗಂಟು ಸಣ್ಣದಿರುವಾಗಲೇ ಸಿಕ್ಕಿದರೆ ಕತ್ತರಿಸಿ ತೆಗೆಯುವುದು, ಸುಡುವುದು, ಬೇರೆ ಲಿವರ್ ಜೋಡಿಸುವುದು ಮುಂತಾದ ಉಪಾಯಗಳಿವೆ. ಕೊಯ್ಲಿನ ಗಡಿಬಿಡಿಯಲ್ಲಿ ಮನೆಯ ಹೆಂಗಸರ ಪರೀಕ್ಷೆಯೇ ಮೊದಲು ಮುಂದಕ್ಕೆ ಹೋಗುತ್ತದೆ. ಹಾಗಾಗದಂತೆ ಗಂಡಸರು ನೋಡಿಕೊಳ್ಳಬೇಕು. ಹೆದ್ದಾರಿ ಹಿಡಿದರೆ ಉಡುಪಿ, ಮಣಿಪಾಲ ದೂರವೇನಲ್ಲ.

ಬೇಲಿಯ ಅಮೃತಬಳ್ಳಿಯ ಬಗ್ಗೆಯೂ ಒಂದು ಮಾತು. ಕೋವಿಡ್ ಕಾಲದಲ್ಲಿ, 2020ರ ಕೊನೆಯ ತಿಂಗಳುಗಳಲ್ಲಿ, ಅದನ್ನು ಸೇವಿಸಿದ 6 ಮಂದಿಗೆ ಆಟೋಇಮ್ಯೂನ್ ಹೆಪಟೈಟಿಸನ್ನು ಹೋಲುವ ಲಿವರ್ ತೊಂದರೆ ಕಂಡುಬಂದಿತೆಂದು ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಚರ್ಚೆ ಏನೇ ಇರಲಿ, ಈ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಕಷಾಯ ಕುಡಿಯದಿರುವುದೇ ಲೇಸು.

ಇನ್ನು ನಮ್ಮ ಬೆಳೆಗಳು. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆಯೆಂದು ವಿಶ್ವಸಂಸ್ಥೆಯ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಗುರುತಿಸಿತು. ಅದೇ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಎಲೆಯಡಿಕೆ ಜಗಿಯುವವರಲ್ಲಿ ಸಿರೋಸಿಸ್, ಲಿವರ್ ಕ್ಯಾನ್ಸರ್ ಹೆಚ್ಚೆಂದು ತೈವಾನಿನ ಅಧ್ಯಯನಗಳು ಹೇಳುತ್ತವೆ. ಒಂದು ಮಾತು ನಮಗೆ ಹಿತ, ಇನ್ನೊಂದು ಕಹಿ. ಹಿತವಾದುದನ್ನಷ್ಟೇ ಅಚ್ಚುಹಾಕಿದರೆ ಸದಸ್ಯರಿಗೆ ದ್ರೋಹವಾದೀತು. ಲಿವರ್ ಕಾಯಿಲೆ ಇರುವವರು ಎಲೆಯಡಿಕೆ ಬಿಡುವುದು ಒಳ್ಳೆಯದು. ಕಾಫಿಯನ್ನು ಔಷಧಿಯೆಂದು ತಿಳಿದು ಮಾತ್ರೆ ಬಿಡುವುದು ಮಾತ್ರ ಸಲ್ಲದು.