ಮಕ್ಕಳ ಮದ್ದಿಗೆ ಕಾಸು ತರುವ ಕ್ಯಾಲೆಂಡರ್

ಇರಾನ್ ದೇಶದಲ್ಲಿ ಹೊಸ ವರ್ಷ ಹುಟ್ಟುವುದು ಮಾರ್ಚ್ ತಿಂಗಳಲ್ಲಿ. ಹಳೆಯ ಕ್ಯಾಲೆಂಡರ್ ತೆಗೆದು ಹೊಸದು ಇಡುವುದೂ ಆಗಲೇ. ನಮ್ಮಲ್ಲಾದರೆ "ಏನ್ ಸಾವ್ಕಾರ್ರೇ, ಈ ಸಲ ಕ್ಯಾಲೆಂಡರ್ ಬರ್ಲಿಲ್ವಾ?" ಎಂದು ಕೇಳಿ ಪುಕ್ಕಟೆ ಒಯ್ಯುವ ಸಾಮಾನು ಅದು. ಅಲ್ಲಿ ಒಂದು ಕ್ಯಾಲೆಂಡರನ್ನು ಮಾತ್ರ ಜನ ದುಡ್ಡು ಕೊಟ್ಟೇ ಕೊಳ್ಳುತ್ತಾರೆ. ಆ ದುಡ್ಡು ಹೋಗುವುದು ಕ್ಯಾನ್ಸರ್ ತಗುಲಿದ ಮಕ್ಕಳ ಚಿಕಿತ್ಸೆಗೆ!

ತಾಯಿಯ ಸಂಕಟದಿಂದ ಹುಟ್ಟಿದ್ದು

ಅದನ್ನು ಮಾರುವ ಧರ್ಮಸಂಸ್ಥೆಯ ಹೆಸರು 'ಮಹಕ್'. 1991ರಲ್ಲಿ ರಾಜಧಾನಿ ಟೆಹರಾನಿನಲ್ಲಿ ಅದನ್ನು ಕಟ್ಟಿದವರು ಸಯೀದೆ ಘೊದ್ಸ್ ಎಂಬ ಹೆಣ್ಣುಮಗಳು. ಆಕೆಯ ಪುಟ್ಟ ಮಗಳಿಗೇ ಕ್ಯಾನ್ಸರ್ ಬಂದಿತ್ತು. ಮಗುವನ್ನು ಕಟ್ಟಿಕೊಂಡು ಆಸ್ಪತ್ರೆಗೆ ಅಲೆದಾಡಿದಾಗಲೇ, ಕೈಯಲ್ಲಿ ಕಾಸಿಲ್ಲದ ತಾಯಿತಂದೆಯರ ಪಾಡು ಏನೆಂದು ಆಕೆಗೆ ತಿಳಿದದ್ದು.

ಮುಂದೆ ಸಂಸ್ಥೆ ಟೆಹರಾನಿನಲ್ಲಿ ಸ್ವಂತ ಆಸ್ಪತ್ರೆಯನ್ನೇ ಕಟ್ಟಿತು. ಚಿಕಿತ್ಸೆಗೆಂದು ಮನೆಯವರಿಂದ ಹಣ ಕೇಳುವುದಿಲ್ಲ. ದೂರದ ಊರುಗಳಿಂದ ಬಂದವರಿಗೆ ತಂಗಲು ಜಾಗವೂ ಉಂಟು. ಇದಕ್ಕೆಲ್ಲ ಹಣ ಎಲ್ಲಿಂದ? ಜನರಿಂದಲೇ. ಅಂಗಡಿ, ಮನೆಗಳಲ್ಲಿ ಇಟ್ಟ ಪುಟ್ಟ ಹುಂಡಿಗಳು, ಶುಭಾಶಯ ಪತ್ರಗಳು, ಜೊತೆಗೆ ಈ ಕ್ಯಾಲೆಂಡರ್. ಪರ್ಷಿಯನ್ ಭಾಷೆಯಲ್ಲಿ 'ಮಹಕ್' ಎಂದರೆ ಒರೆಗಲ್ಲು. ಅಕ್ಕಸಾಲಿ ಚಿನ್ನ ಉಜ್ಜಿ ನೋಡುವ ಅದೇ ಕಲ್ಲು.

ಘಳಿಗೆ ನೋಡಿ ಹೊಸ ವರ್ಷ

ಇರಾನಿನ ಕ್ಯಾಲೆಂಡರ್ ಎಂದರೆ ಬರೀ ತಾರೀಕು ನೋಡುವ ಹಾಳೆಯಲ್ಲ. ಒಂದೇ ಮನೆಯಲ್ಲಿ ಮೂರು ಲೆಕ್ಕ: ಅವರ ಸೌರ ವರ್ಷ, ಚಾಂದ್ರಮಾನದ ಹಿಜರಿ, ಇಂಗ್ಲಿಷ್ ತಾರೀಕು. ಸೌರ ವರ್ಷದ ಮೊದಲ ಆರು ತಿಂಗಳಿಗೆ 31 ದಿನ, ಮುಂದಿನ ಐದಕ್ಕೆ 30, ಕೊನೆಯದಕ್ಕೆ 29 ಅಥವಾ 30. ಈ ಲೆಕ್ಕ 1925ರಲ್ಲಿ ಕಾಯಿದೆಯಾಯಿತು. ಅದರ ಬೇರು ಮಾತ್ರ 1079ರಷ್ಟು ಹಿಂದಿನದು. ಆಗ ವರ್ಷದ ಲೆಕ್ಕ ತಿದ್ದಿದ ಪಂಡಿತರಲ್ಲಿ ಕವಿ ಉಮರ್ ಖಯ್ಯಾಮನೂ ಒಬ್ಬ.

ಹಗಲು-ರಾತ್ರಿ ಸಮವಾಗುವ ಹೊತ್ತಿಗೆ ಸರಿಯಾಗಿ 'ನೌರೋಜ್' ಬರುತ್ತದೆ. 2024ರಲ್ಲಿ ಅದು ಬೆಳಗಿನ ಆರೂವರೆ ದಾಟಿದ ಮೇಲೆ ಬಂತು, 2025ರಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ! ಮನೆಮಂದಿಯೆಲ್ಲ 'ಸ' ಅಕ್ಷರದಿಂದ ಶುರುವಾಗುವ ಏಳು ಪದಾರ್ಥ ಇಟ್ಟ ಮೇಜಿನ ಸುತ್ತ ಕೂತು ಆ ಘಳಿಗೆಗೆ ಕಾಯುತ್ತಾರೆ. ಮೊಳಕೆ ಬಂದ ಗೋಧಿ, ಸೇಬು, ಬೆಳ್ಳುಳ್ಳಿ, ವಿನೆಗರ್... ಹೀಗೆ. ಹದಿಮೂರನೇ ದಿನ ಊಟ ಕಟ್ಟಿಕೊಂಡು ತೋಪು, ಹೊಳೆದಂಡೆಗೆ ಹೋಗುವುದು ಪದ್ಧತಿ. ಡಿಸೆಂಬರಿನ ಅತಿ ಉದ್ದದ ರಾತ್ರಿ ದಾಳಿಂಬೆ, ಕಲ್ಲಂಗಡಿ ಬಿಚ್ಚಿಟ್ಟು ಕವಿತೆ ಓದುತ್ತ ಜಾಗರಣೆ.

ದುಡ್ಡಿದ್ದೂ ಮದ್ದಿಲ್ಲ

ಇಷ್ಟು ಅಕ್ಕರೆಯಿಂದ ಕೂಡಿಸಿದ ಕಾಸಿಗೂ ಒಂದು ಕಡೆ ಅಡ್ಡಗೋಡೆ ಎದುರಾಯಿತು. 2018ರಲ್ಲಿ ಅಮೆರಿಕ ಇರಾನಿನ ಮೇಲೆ ಮತ್ತೆ ದಿಗ್ಬಂಧನ ಹೇರಿತು. ಔಷಧಿಗೆ ದಿಗ್ಬಂಧನವಿಲ್ಲ ಎಂದು ಕಾಗದದಲ್ಲೇನೋ ಇತ್ತು. ಆದರೆ ಹಣ ದಾಟಿಸಬೇಕಾದ ಬ್ಯಾಂಕುಗಳೇ 'ನಮಗ್ಯಾಕಪ್ಪಾ ಉಸಾಬರಿ' ಎಂದು ಹಿಂದೆ ಸರಿದವು. ಕ್ಯಾನ್ಸರ್ ರೋಗಿಗಳಿಗೂ ಬೇಕಾದ ಔಷಧಿ ಸಿಗದಾಗಿದೆ ಎಂದು 2019ರಲ್ಲಿ 'ಹ್ಯೂಮನ್ ರೈಟ್ಸ್ ವಾಚ್' ಸಂಸ್ಥೆ ವರದಿ ಮಾಡಿತು. ಹುಂಡಿ ತುಂಬಿದರೂ ಸೀಸೆ ಖಾಲಿ ಎಂದರೆ ಹೆತ್ತವರು ಯಾರ ಮುಂದೆ ಹೇಳಿಕೊಳ್ಳಬೇಕು?

ದೂರದ ದೇಶದ ಕಥೆ, ನಮಗೇನು ಎನ್ನುವಂತೆಯೂ ಇಲ್ಲ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ ಇರಾನಿನ ಗಿಲಾನ್ ಸೀಮೆಯವನು. ಆ ಕಾಲದ ಆಡಳಿತದ ಜೊತೆ ಪರ್ಷಿಯನ್ ಮಾತುಗಳೂ ನಮ್ಮ ಪೇಟೆಗೆ ಇಳಿದವು. ಬಜಾರು, ಗುಮಾಸ್ತ, ದರ್ಜಿ, ರಸೀದಿ ಎಲ್ಲ ಅಲ್ಲಿಯವೇ.

'ರಸೀದ್' ಎಂದರೆ ಅವರ ಭಾಷೆಯಲ್ಲಿ 'ತಲುಪಿತು' ಎಂದರ್ಥ. ಕ್ಯಾಲೆಂಡರಿಗೆ ಕಾಸು ಕೊಟ್ಟವರು ಕೇಳುವುದೂ ಇಷ್ಟೇ: ಮದ್ದು ಮಗುವಿಗೆ ತಲುಪಿತಾ?